ಎಷ್ಟು ಕಪ್ಪಾದರೆ ಸಾಕು?

ವ್ಯವಹಾರದ ಮಾತಿನಲ್ಲಿ ಕಪ್ಪು ಕೂಡ ಒಂದು ಬಣ್ಣ. ಭೌತವಿಜ್ಞಾನದ ಲೆಕ್ಕದಲ್ಲಿ ಹಾಗಲ್ಲ. ಒಳಹೊಕ್ಕ ಬೆಳಕು ಮರಳಿ ಬಾರದ ತಾಣವನ್ನು ಕಣ್ಣು ಕಪ್ಪೆಂದು ಗುರುತಿಸುತ್ತದೆ. ಒಲೆಯ ಮೇಲಿನ ಮಸಿ, ಇದ್ದಿಲು, ಕಾಡಿಗೆ ಇವೆಲ್ಲ ಕಪ್ಪಾಗಿ ಕಂಡರೂ ತಮ್ಮ ಮೇಲೆ ಬಿದ್ದ ಬೆಳಕಿನ ಅಲ್ಪಾಂಶವನ್ನು ಹಿಂದಿರುಗಿಸುತ್ತಲೇ ಇರುತ್ತವೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಕಪ್ಪು ಬಣ್ಣ ಬಳಿದ ತಗಡು ನೂರು ಪಾಲು ಬೆಳಕಿನಲ್ಲಿ ಐದರಿಂದ ಹತ್ತು ಪಾಲನ್ನು ಮರಳಿಸುತ್ತದೆ. ಕಪ್ಪು ಕೊಡೆಯ ಮಡಿಕೆಗಳು, ಎಮ್ಮೆಯ ಮೈಯ ಉಬ್ಬುತಗ್ಗುಗಳು ಕಣ್ಣಿಗೆ ಕಾಣುವುದು ಆ ಅಲ್ಪಾಂಶದ ಕೃಪೆಯಿಂದಲೇ.

ಆ ಅಲ್ಪಾಂಶವನ್ನೂ ಅಳಿಸಿಹಾಕುವ ಪೈಪೋಟಿ ಕಳೆದೆರಡು ದಶಕಗಳಿಂದ ಪ್ರಯೋಗಾಲಯಗಳಲ್ಲಿ ನಡೆದಿದೆ. 2008ರಲ್ಲಿ ಅಮೆರಿಕದ ರೆನ್ಸೆಲಾರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಶಾನ್-ಯು ಲಿನ್, ಕೇರಳ ಮೂಲದ ಪುಲಿಕ್ಕಲ್ ಅಜಯನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಇಂಗಾಲದ ಪದರವು ನೂರಕ್ಕೆ 0.045 ಪಾಲು ಬೆಳಕನ್ನಷ್ಟೇ ಹಿಂದಿರುಗಿಸಿತು. 2014ರಲ್ಲಿ ಇಂಗ್ಲೆಂಡಿನ ಸರ್ರೆ ನ್ಯಾನೋಸಿಸ್ಟಮ್ಸ್ ಕಂಪನಿಯು ‘ವ್ಯಾಂಟಾಬ್ಲ್ಯಾಕ್’ ಎಂಬ ಹೆಸರಿನಲ್ಲಿ ಅದನ್ನು 0.035ಕ್ಕೆ ಇಳಿಸಿತು. 2019ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಬ್ರಯನ್ ವಾರ್ಡಲ್ ಮತ್ತು ಕೆಹಾಂಗ್ ಕುಯಿ 0.005ರವರೆಗೆ ಹೋದರು. ಪ್ರತಿಸಲವೂ ‘ಜಗತ್ತಿನ ಅತ್ಯಂತ ಕಪ್ಪು ವಸ್ತು’ ಎಂಬ ಬಿರುದು ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು.

ದೂರದೇಶದ ಈ ಪೈಪೋಟಿಗೂ ಘಟ್ಟದ ಹಳ್ಳಿಗಳಿಗೂ ಏನು ಸಂಬಂಧವೆಂದು ಕೇಳಬಹುದು. ಇದೇ ವಿದ್ಯೆ ಸೌರಫಲಕಗಳನ್ನು ತಯಾರಿಸುವವರ ಕೈಗೂ ಬಂದಿದೆ. ಫಲಕದಿಂದ ಪುಟಿದುಹೋದ ಬಿಸಿಲು ವಿದ್ಯುತ್ತಾಗದು. ಆದ್ದರಿಂದ ಫಲಕವನ್ನು ಆದಷ್ಟು ಕಪ್ಪಾಗಿಸಬೇಕೆಂಬ ಹಂಬಲ ನ್ಯಾಯವಾದದ್ದೇ. ಆದರೆ ಆ ಹಂಬಲಕ್ಕೆ ಮಿತಿ ಎಲ್ಲಿ ಎಂಬ ಪ್ರಶ್ನೆಯನ್ನು ಮುಂದಿಡುವವರು ವಿರಳ. ಎಷ್ಟು ಕಪ್ಪಾದರೆ ಸಾಕು? ಕೊನೆಯ ಒಂದೆರಡು ಪಾಲಿನ ಕಪ್ಪಿಗಾಗಿ ನೆಲ, ನೀರು, ಗಾಳಿ ತೆರಬೇಕಾದ ಬೆಲೆ ಯಾವುದು? ಆ ಬೆಲೆಯನ್ನು ತೆರುವವರು ಯಾರು? ಸೌರಶಕ್ತಿಯನ್ನು ಅಣೆಕಟ್ಟಿಗೂ ಕಲ್ಲಿದ್ದಲಿಗೂ ಪರ್ಯಾಯವೆಂದು ನಂಬಿದವರೇ ಈ ಪ್ರಶ್ನೆಗಳನ್ನು ಮೊದಲು ಕೇಳಬೇಕು.

ಕಾಡಿನಂತೆ ಬೆಳೆಸಿದ ಕಪ್ಪು

ಮೊದಲು ಇದರ ಮರ್ಮವನ್ನು ಅರಿಯುವುದು ಒಳ್ಳೆಯದು. ನಡುಹಗಲಿನಲ್ಲಿ ಬಯಲಲ್ಲಿ ನಿಂತು ದಟ್ಟ ಕಾಡಿನತ್ತ ನೋಡಿದರೆ ಮರಗಳ ನಡುವಿನ ಎಡೆ ಕಪ್ಪಾಗಿ ತೋರುತ್ತದೆ. ಅಲ್ಲಿ ಯಾರೂ ಕಪ್ಪು ಬಳಿದಿಲ್ಲ. ಒಳಹೊಕ್ಕ ಬೆಳಕು ಎಲೆಯಿಂದ ಎಲೆಗೆ, ಕಾಂಡದಿಂದ ಕಾಂಡಕ್ಕೆ ತಾಗುತ್ತ, ತಾಗಿದಲ್ಲೆಲ್ಲ ಒಂದಿಷ್ಟು ಕಳೆದುಕೊಳ್ಳುತ್ತ, ಹೊರಬರುವ ದಾರಿ ಕಾಣದೆ ಕರಗಿಹೋಗುತ್ತದೆ. ವ್ಯಾಂಟಾಬ್ಲ್ಯಾಕ್ ಕೂಡ ಇಂಥದೇ ಒಂದು ಕಾಡು. ಅದರ ಮರಗಳು ಇಂಗಾಲದ ನ್ಯಾನೋ ಕೊಳವೆಗಳು. ಒಂದೊಂದು ಕೊಳವೆಯ ದಪ್ಪ ಸುಮಾರು 20 ನ್ಯಾನೋಮೀಟರ್. ಮನುಷ್ಯನ ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳು. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಇಂತಹ ಸುಮಾರು ನೂರು ಕೋಟಿ ಕೊಳವೆಗಳು ನೆಟ್ಟಗೆ ನಿಂತಿರುತ್ತವೆ.

ಬೆಳಕನ್ನು ಪುಟಿಯಗೊಡದ ಮತ್ತೊಂದು ಉಪಾಯವೂ ಇದೆ. ಕಡಲಿನ ತೆರೆ ನೇರವಾಗಿ ನಿಂತ ಬಂಡೆಗೆ ಬಡಿದರೆ ಹಿಂದಕ್ಕೆ ಚಿಮ್ಮುತ್ತದೆ. ಇಳಿಜಾರಾದ ಮರಳದಂಡೆಯ ಮೇಲೆ ಹರಿದರೆ ಅಲ್ಲಿಯೇ ಇಂಗುತ್ತದೆ. ಬೆಳಕೂ ಅಷ್ಟೆ. ಗಾಳಿಯಿಂದ ಸಿಲಿಕಾನಿಗೆ ಒಮ್ಮೆಲೇ ಕಾಲಿಟ್ಟರೆ ಪುಟಿಯುತ್ತದೆ. ಮೊನಚಾದ ಸೂಜಿಗಳ ಸಾಲಿನ ನಡುವೆ ಮೆಲ್ಲಮೆಲ್ಲನೆ ಇಳಿದರೆ ಪುಟಿಯಲು ಅವಕಾಶವೇ ಸಿಗುವುದಿಲ್ಲ. ರಾತ್ರಿ ಹಾರುವ ಪತಂಗಗಳ ಕಣ್ಣಿನ ಮೇಲೆ ಸುಮಾರು 200 ನ್ಯಾನೋಮೀಟರ್ ಅಂತರದಲ್ಲಿ ಇಂತಹ ಉಬ್ಬುಗಳ ಸಾಲಿರುವುದನ್ನು ಸ್ವೀಡನ್ನಿನ ವಿಜ್ಞಾನಿ ಬರ್ನ್‌ಹಾರ್ಡ್ 1960ರ ದಶಕದಲ್ಲಿಯೇ ವಿವರಿಸಿದ್ದರು. ಕಣ್ಣಿಗೆ ಬಿದ್ದ ಮಂದಬೆಳಕು ವ್ಯರ್ಥವಾಗದೆ ಒಳಸೇರುವುದಕ್ಕೂ, ಕಣ್ಣಿನ ಹೊಳಪು ಬೇಟೆಗಾರ ಪ್ರಾಣಿಗೆ ಸುಳಿವು ಕೊಡದಿರುವುದಕ್ಕೂ ಪತಂಗ ಕಂಡುಕೊಂಡ ಉಪಾಯವದು.

ಇದೇ ತತ್ತ್ವದ ಮಾನವನಿರ್ಮಿತ ರೂಪ ‘ಕಪ್ಪು ಸಿಲಿಕಾನ್’. ನಯಗೊಳಿಸಿದ ಸಿಲಿಕಾನ್ ಬಿಲ್ಲೆ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಮೂರರಲ್ಲಿ ಒಂದು ಪಾಲನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಅದರ ಮೈಯನ್ನು ಸೂಜಿಗಳ ಕಾಡಾಗಿ ಕೊರೆದರೆ ಕಪ್ಪು ಮಖಮಲ್ಲಿನಂತಾಗುತ್ತದೆ. ಚಿಪ್ ತಯಾರಕರಿಗೆ ಈ ಸೂಜಿಗಳು ಕೊರೆಯುವ ಕೆಲಸದಲ್ಲಿ ತಾನಾಗಿ ಹುಟ್ಟುವ ಕಳೆಯಂತೆ ಬೇಡವಾದ ವಸ್ತುವಾಗಿದ್ದವು. 1998ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಅವರ ತಂಡವು ಅತಿ ಕ್ಷಿಪ್ರ ಲೇಸರ್ ಮಿಡಿತಗಳಿಂದ ಸಿಲಿಕಾನಿನ ಮೇಲೆ ಇಂತಹ ಮೊನೆಗಳನ್ನು ಮೂಡಿಸಿದ ವರದಿಯನ್ನು ಪ್ರಕಟಿಸಿತು. ಕಳೆ ಬೆಳೆಯಾಯಿತು.

ಬೆಲೆಪಟ್ಟಿಯಲ್ಲಿ ಕಾಣದ ಬೆಲೆ

ಹಾರ್ವರ್ಡಿನಲ್ಲಿ ಲೇಸರ್ ಹರಿಸಿದ್ದು ಬರಿಯ ಗಾಳಿಯಲ್ಲಲ್ಲ. ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ ತುಂಬಿದ ಪೆಟ್ಟಿಗೆಯಲ್ಲಿ. ವಿದ್ಯುತ್ ಪ್ಲಾಸ್ಮಾದಿಂದ ಸಿಲಿಕಾನನ್ನು ಕೊರೆಯುವ ವಿಧಾನದಲ್ಲಿಯೂ ಇದೇ ಅನಿಲದ ಬಳಕೆ ಹೆಚ್ಚು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ಒಂದು ಕಿಲೋದಷ್ಟು ಆಕಾಶಕ್ಕೆ ಸೇರಿದರೆ, ಮುಂದಿನ ನೂರು ವರ್ಷಗಳ ಲೆಕ್ಕದಲ್ಲಿ, 23 ಸಾವಿರ ಕಿಲೋಗೂ ಮಿಗಿಲಾದ ಇಂಗಾಲದ ಡೈಆಕ್ಸೈಡಿನಷ್ಟು ಶಾಖವನ್ನು ಹಿಡಿದಿಡುತ್ತದೆ. ಸೇರಿದ್ದು ಶತಮಾನಗಳ ಕಾಲ ಅಲ್ಲಿಯೇ ಉಳಿಯುತ್ತದೆ. 1997ರ ಕ್ಯೋಟೋ ಒಪ್ಪಂದವು ನಿಯಂತ್ರಿಸಬೇಕೆಂದು ಹೆಸರಿಸಿದ ಆರು ಬಗೆಯ ಅನಿಲಗಳಲ್ಲಿ ಇದೂ ಒಂದು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಜಗತ್ತಿನಲ್ಲಿ ಈ ಅನಿಲ ಸೋರುವುದು ಬಹುಪಾಲು ವಿದ್ಯುತ್ ಉಪಕೇಂದ್ರಗಳ ಸ್ವಿಚ್ಚುಗಳಿಂದ. ಸಿಲಿಕಾನ್ ಕೊರೆಯುವವರ ಪಾಲು ಅದರ ಮುಂದೆ ಚಿಕ್ಕದು. ಕೊರೆತದಲ್ಲಿ ಅನಿಲದ ಒಂದು ಭಾಗ ಒಡೆದುಹೋಗುತ್ತದೆ, ಉಳಿದದ್ದನ್ನು ಸುಟ್ಟು ನಾಶಮಾಡುವ ಯಂತ್ರಗಳೂ ಇವೆ. ಆದರೆ ಅಂತಹ ಯಂತ್ರವನ್ನು ಅಳವಡಿಸುವುದೂ ಅದನ್ನು ಹಗಲಿರುಳು ನಡೆಸುವುದೂ ಖರ್ಚಿನ ಬಾಬತ್ತು. ಕಣ್ಣಿಗೆ ಕಾಣದ ಅನಿಲವನ್ನು ಹಿಡಿಯುವ ಖರ್ಚನ್ನು ಉಳಿಸಲು ನೋಡುವ ಕಾರ್ಖಾನೆಯನ್ನು ಯಾರು ಪರೀಕ್ಷಿಸಬೇಕು? ಭೂಮಿಯ ಜ್ವರ ಇಳಿಸಲೆಂದು ತಯಾರಾಗುವ ಔಷಧವೇ ಜ್ವರ ಏರಿಸುವ ವಿಷವನ್ನು ಬೆರೆಸಿಕೊಂಡು ಬರುವುದಾದರೆ ಅದು ವಿಪರ್ಯಾಸವಲ್ಲದೆ ಮತ್ತೇನು?

ಅನಿಲವಿಲ್ಲದ ದಾರಿಯೂ ಉಂಟು. ಬೆಳ್ಳಿಯ ಸೂಕ್ಷ್ಮ ಕಣಗಳನ್ನು ಸಿಲಿಕಾನಿನ ಮೇಲೆ ಹರಡಿ, ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿ ಕುಳಿಗಳನ್ನು ಕೊರೆಯುವ ವಿಧಾನವದು. 2010ರ ದಶಕದ ಉತ್ತರಾರ್ಧದಲ್ಲಿ ಚೀನಾದ ಕಾರ್ಖಾನೆಗಳು ಬಹುಸ್ಫಟಿಕ ಸಿಲಿಕಾನಿನ ಫಲಕಗಳಿಗೆ ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದವು. ಈ ಆಮ್ಲ ಚರ್ಮವನ್ನು ಸುಡುವುದಷ್ಟೇ ಅಲ್ಲದೆ ದೇಹದ ಒಳಗೆ ಇಳಿದು ಸುಣ್ಣದಂಶವನ್ನು ಕಬಳಿಸಿ ಪ್ರಾಣಕ್ಕೇ ಎರವಾಗಬಲ್ಲದು. ತೊಳೆದ ನೀರಿನಲ್ಲಿ ಬೆಳ್ಳಿಯೂ ಫ್ಲೋರೈಡೂ ಉಳಿಯುತ್ತವೆ. ಶುದ್ಧೀಕರಿಸದೆ ಹಳ್ಳಕ್ಕೆ ಬಿಟ್ಟರೆ ಅದರ ಫಲವೇನೆಂಬುದನ್ನು ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡ ಬಯಲುಸೀಮೆಯ ಹಳ್ಳಿಗಳಿಗೆ ವಿವರಿಸಬೇಕಿಲ್ಲ.

ಇಂಗಾಲದ ಕೊಳವೆಗಳ ಕತೆ ಬೇರೆ. ಅವುಗಳನ್ನು ನೂರಾರು ಡಿಗ್ರಿ ಶಾಖದ ಕುಲುಮೆಯಲ್ಲಿ ಇಂಗಾಲಯುಕ್ತ ಅನಿಲದಿಂದ ಬೆಳೆಸಬೇಕು. ಉದ್ದವಾದ ಬಹುಪದರದ ಕೊಳವೆಗಳು ಇಲಿಗಳ ದೇಹದಲ್ಲಿ ಕಲ್ನಾರಿನ ಎಳೆಗಳಂತೆಯೇ ಉರಿಯೂತ ಉಂಟುಮಾಡುವುದನ್ನು 2008ರ ಅಧ್ಯಯನವೊಂದು ತೋರಿಸಿತು. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಂತಹ ಒಂದು ನಿರ್ದಿಷ್ಟ ಬಗೆಯ ಕೊಳವೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಎಲ್ಲ ಕೊಳವೆಗಳೂ ಒಂದೇ ಎಂದು ಇದರ ಅರ್ಥವಲ್ಲ. ಆದರೆ ಕಲ್ನಾರಿನ ಶೀಟುಗಳನ್ನು ದಶಕಗಳ ಕಾಲ ನಿರಪಾಯಕಾರಿ ಎಂದು ನಂಬಿ ಮನೆಗೂ ಶಾಲೆಗೂ ಹೊದಿಸಿದ ನಾಡಿಗೆ ಎಚ್ಚರಿಕೆ ಹೆಚ್ಚೇ ಇರಬೇಕು.

ಕೊನೆಯ ಪಾಲಿನ ಲೆಕ್ಕ

ಇಷ್ಟೆಲ್ಲ ಬೆಲೆ ತೆತ್ತರೂ ಲಾಭ ದೊಡ್ಡದಾಗಿದ್ದರೆ ಒಪ್ಪಬಹುದಿತ್ತು. ಲೆಕ್ಕ ಹಾಕಿದರೆ ಚಿತ್ರ ಬೇರೆಯೇ ಆಗಿದೆ. ಇಂದಿನ ಬಹುಪಾಲು ಫಲಕಗಳಲ್ಲಿರುವುದು ಏಕಸ್ಫಟಿಕ ಸಿಲಿಕಾನ್. ಅದನ್ನು ಕ್ಷಾರದ್ರಾವಣದಲ್ಲಿ ಅದ್ದಿದರೆ ಮೈಮೇಲೆ ತಾನಾಗಿ ಸಣ್ಣ ಪಿರಮಿಡ್ಡುಗಳು ಮೂಡುತ್ತವೆ. ಅಷ್ಟಕ್ಕೇ ಪುಟಿಯುವ ಬೆಳಕು ನೂರಕ್ಕೆ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೊಂದು ತೆಳು ಲೇಪ ಕೊಟ್ಟರೆ ಎರಡು ಮೂರಕ್ಕೆ ಬರುತ್ತದೆ. ಉಳಿದ ಎರಡು ಮೂರು ಪಾಲಿಗಾಗಿ ಸೂಜಿಕಾಡು ಬೆಳೆಸಬೇಕೆ? ಇಷ್ಟಕ್ಕೂ ಆ ಕಾಡನ್ನು ಮಳೆಗಾಳಿಗೆ ಬಿಡುವಂತಿಲ್ಲ, ಗಾಜಿನ ಕೆಳಗಿಡಬೇಕು. ಲೇಪವಿಲ್ಲದ ಸಾದಾ ಗಾಜು ತನ್ನ ಮೇಲ್ಮೈಯಿಂದಲೇ ನೂರಕ್ಕೆ ಸುಮಾರು ನಾಲ್ಕು ಪಾಲು ಬೆಳಕನ್ನು ಹಿಂದಿರುಗಿಸುತ್ತದೆ. ಬೇಸಗೆಯ ಧೂಳು ಕವಿದರೆ ನಷ್ಟ ಇನ್ನೂ ಹೆಚ್ಚು. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಿಗುವ ಲಾಭವನ್ನು ಸಾವಿರ ರೂಪಾಯಿಯ ಆಮ್ಲದಿಂದ ಪಡೆಯಹೊರಡುವುದು ವಿವೇಕವೆನಿಸದು.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಹೀರಿದ ಬೆಳಕೆಲ್ಲ ವಿದ್ಯುತ್ತಾಗುವುದಿಲ್ಲ. ಸೂಜಿಗಳಿಂದ ಸಿಲಿಕಾನಿನ ಮೇಲ್ಮೈ ಹಲವು ಪಟ್ಟು ಹಿಗ್ಗುತ್ತದೆ; ಬೆಳಕಿನಿಂದ ಹುಟ್ಟಿದ ವಿದ್ಯುದಂಶಗಳು ಆ ವಿಶಾಲ ಮೈಯ ದೋಷಗಳಲ್ಲಿ ಸಿಲುಕಿ ಅಲ್ಲಿಯೇ ಸತ್ತುಹೋಗುತ್ತವೆ. ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದ ಹೆಲೆ ಸಾವಿನ್ ಅವರ ತಂಡ 2015ರಲ್ಲಿ ಆ ಮೈಗೆ ಅಲ್ಯೂಮಿನಾದ ತೆಳು ಹೊದಿಕೆ ಕೊಟ್ಟು ನಷ್ಟವನ್ನು ತಡೆದು, ಶೇಕಡಾ 22.1ರ ದಕ್ಷತೆಯನ್ನು ಸಾಧಿಸಿತು. ಓರೆಯಾಗಿ ಬೀಳುವ ಬಿಸಿಲನ್ನೂ ಅದು ಚೆನ್ನಾಗಿ ಹಿಡಿಯಿತು. ಸೂರ್ಯ ನೆತ್ತಿಗೇರದ ಉತ್ತರದ ದೇಶಕ್ಕೆ ಅದು ನಿಜವಾದ ಸಾಧನೆ. ನೆತ್ತಿಯ ಮೇಲೆ ಬಿಸಿಲು ಸುರಿಯುವ ದೇಶಕ್ಕೆ ಅಷ್ಟೇ ಅಗತ್ಯವೆಂದು ಕಣ್ಣುಮುಚ್ಚಿ ಒಪ್ಪಬೇಕಿಲ್ಲ.

ಅತಿ ಕಪ್ಪು ಎಂಬುದು ಕೆಲವೆಡೆ ನಷ್ಟವೇ ಹೌದು. ಕರ್ನಾಟಕದ ಪಟ್ಟಣಗಳ ಮಾಳಿಗೆಗಳ ಮೇಲೆ ಸಾಲಾಗಿ ಕಾಣುವ ಸೌರ ನೀರುಕಾಯಿಸುವ ಸಾಧನಗಳನ್ನೇ ನೋಡಬಹುದು. ಚೆನ್ನಾಗಿ ಹೀರುವ ವಸ್ತು ಅದೇ ಅಲೆಯುದ್ದದಲ್ಲಿ ಚೆನ್ನಾಗಿ ಹೊರಸೂಸುತ್ತದೆ ಎಂಬುದು 1859ರಲ್ಲಿ ಕಿರ್ಕಾಫ್ ಕಂಡುಕೊಟ್ಟ ನಿಯಮ. ಬಿಸಿಯಾದ ತಗಡು ಅವಗೆಂಪು ಕಿರಣಗಳಲ್ಲಿ ಶಾಖವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಅದು ಬಿಸಿಲಿಗೆ ಕಪ್ಪಾಗಿಯೂ ಅವಗೆಂಪಿಗೆ ಕನ್ನಡಿಯಾಗಿಯೂ ಇರಬೇಕು. ಇಸ್ರೇಲಿನ ಹ್ಯಾರಿ ಟೇಬರ್ 1955ರಲ್ಲಿ ಮುಂದಿಟ್ಟ ಆಯ್ದು ಹೀರುವ ಲೇಪದ ಗುಟ್ಟು ಇದೇ. ಜಪಾನಿನ ವಿಜ್ಞಾನಿಗಳು 2009ರಲ್ಲಿ ವರದಿ ಮಾಡಿದ ಇಂಗಾಲದ ಕೊಳವೆಗಳ ಕಾಡು ಅತಿನೇರಳೆಯಿಂದ ದೂರದ ಅವಗೆಂಪಿನವರೆಗೆ ನೂರಕ್ಕೆ 98-99 ಪಾಲನ್ನು ಹೀರುತ್ತಿತ್ತು. ಅಂಥದನ್ನು ನೀರಿನ ಹಂಡೆಗೆ ಬಳಿದರೆ ಹಗಲು ಗಳಿಸಿದ್ದರಲ್ಲಿ ದೊಡ್ಡ ಪಾಲನ್ನು ಅದು ಆಕಾಶಕ್ಕೆ ಸುರಿದುಬಿಡುತ್ತದೆ. ನೂರಕ್ಕೆ 95 ಪಾಲು ಹೀರಿ, ಹೀರಿದ್ದನ್ನು ಉಳಿಸಿಕೊಳ್ಳುವ ಲೇಪವೇ ಅಲ್ಲಿ ಮೇಲು.

ಇದು ವಿಜ್ಞಾನದ ವಿರುದ್ಧದ ಮಾತಲ್ಲ. ದೂರದ ನಕ್ಷತ್ರದ ಕ್ಷೀಣ ಬೆಳಕನ್ನು ಹಿಡಿಯುವ ದೂರದರ್ಶಕದ ಒಳಗೋಡೆಗೆ ಅತಿ ಕಪ್ಪು ನಿಜಕ್ಕೂ ಬೇಕು. ಅಮೆರಿಕದ ನಾಸಾ ಸಂಸ್ಥೆ 2011ರಲ್ಲಿ ಅಂತಹ ಲೇಪವನ್ನು ಪ್ರಕಟಿಸಿದ್ದು ಇದೇ ಉದ್ದೇಶಕ್ಕೆ. ಅಲ್ಲಿ ಬೇಕಾದದ್ದು ಅಂಗೈಯಗಲದ ಕೆಲವು ತುಂಡುಗಳು. ಅದೇ ಹೊತ್ತಿಗೆ, ವ್ಯಾಂಟಾಬ್ಲ್ಯಾಕನ್ನು ಕಲೆಯಲ್ಲಿ ಬಳಸುವ ಏಕಸ್ವಾಮ್ಯ 2016ರಲ್ಲಿ ಶಿಲ್ಪಿ ಅನೀಶ್ ಕಪೂರ್ ಒಬ್ಬರಿಗೇ ದೊರೆತು ಕಲಾವಿದರು ಸಿಟ್ಟಾದರು. 2019ರಲ್ಲಿ ಅದರ ಒಂದು ಬಗೆಯನ್ನು ಐಷಾರಾಮಿ ಕಾರಿನ ಮೈಗೆ ಬಳಿದು ಜರ್ಮನಿಯ ಪ್ರದರ್ಶನದಲ್ಲಿ ನಿಲ್ಲಿಸಲಾಯಿತು. ನಕ್ಷತ್ರಕ್ಕೆ ಬೇಕಾದ ಕಪ್ಪು, ಜಂಬಕ್ಕೆ ಬೇಕಾದ ಕಪ್ಪು, ಎಕರೆಗಟ್ಟಲೆ ನೆಲಕ್ಕೆ ಹಾಸುವ ಕಪ್ಪು ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವೊಂದೇ ಸುಮಾರು 13 ಸಾವಿರ ಎಕರೆ. ಅಂತಹ ವಿಸ್ತಾರದಲ್ಲಿ ಪ್ರತಿ ಚದರ ಅಡಿಯ ಸಣ್ಣ ತಪ್ಪೂ ದೊಡ್ಡ ತಪ್ಪಾಗುತ್ತದೆ.

ದಕ್ಷತೆ ಹೆಚ್ಚಿದರೆ ಕಡಿಮೆ ನೆಲ ಸಾಕಾಗುತ್ತದೆ, ಕಡಿಮೆ ಕಾಡು ಹೋಗುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಅದು ಗಟ್ಟಿಯಾದ ವಾದ. ಆದರೆ ಅದರ ಬಲವೆಲ್ಲ ಮೊದಲ 97 ಪಾಲಿನಲ್ಲಿದೆ. ಆ 97 ಪಾಲು ಕ್ಷಾರದಿಂದಲೂ ತೆಳು ಲೇಪದಿಂದಲೂ ಈಗಾಗಲೇ ಕೈಸೇರಿದೆ.

ಬೇಲಿಯ ಮೇಲಿನ ಪಾಠ

‘ಸಾಕು’ ಎಂಬುದರ ಅರ್ಥವನ್ನು ಕಲಿಸಬಲ್ಲ ಗುರು ಘಟ್ಟದ ಬೇಲಿಗಳಲ್ಲಿಯೇ ಇದೆ. ಕಪ್ಪು ರೆಕ್ಕೆ, ಕೆಂಪು ಮೈ, ಹಿಂದಿನ ರೆಕ್ಕೆಯಲ್ಲಿ ಬಿಳಿ ಮತ್ತು ಕೆಂಪು ಚುಕ್ಕೆಗಳುಳ್ಳ ಬಾಲದ ಚಿಟ್ಟೆಯೊಂದು ಮಲೆನಾಡಿನ ತೋಟ, ಬೇಲಿ, ಶಾಲೆಯಂಗಳಗಳಲ್ಲಿ ಹಾರಾಡುತ್ತದೆ. ಇಂಗ್ಲಿಷಿನವರು ಅದನ್ನು ‘ಕಾಮನ್ ರೋಸ್’ ಎನ್ನುತ್ತಾರೆ. 2017ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ತಂತ್ರಜ್ಞಾನ ಸಂಸ್ಥೆಯ ರದ್ವಾನುಲ್ ಹಸನ್ ಸಿದ್ದೀಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನಕ್ಕೆ ಇದರ ರೆಕ್ಕೆಯೇ ಆಧಾರ. ಮುಟ್ಟಿದರೆ ಪುಡಿಯಂತೆ ಬೆರಳಿಗಂಟುವ ಅದರ ಶಲ್ಕಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಬೇರೆ ಬೇರೆ ಅಳತೆಯ ನ್ಯಾನೋ ರಂಧ್ರಗಳು ಅಡ್ಡಾದಿಡ್ಡಿಯಾಗಿ ಹರಡಿರುವುದು ಕಂಡಿತು. ಆ ಅಸ್ತವ್ಯಸ್ತತೆಯೇ ಗುಟ್ಟು. ಸಾಲಾಗಿ ಒಂದೇ ಅಳತೆಯಲ್ಲಿ ಕೊರೆದ ರಂಧ್ರಗಳು ಕೆಲವು ಕೋನಗಳ, ಕೆಲವು ಬಣ್ಣಗಳ ಬೆಳಕನ್ನು ಮಾತ್ರ ಚೆನ್ನಾಗಿ ಹಿಡಿಯುತ್ತವೆ. ಅಳತೆ ತಪ್ಪಿದ ರಂಧ್ರಗಳು ಎಲ್ಲ ದಿಕ್ಕಿನ ಬೆಳಕಿಗೂ ಒದಗುತ್ತವೆ. ಮುಂಜಾವಿನ ಓರೆಬಿಸಿಲಿನಲ್ಲಿ ಮೈ ಕಾಯಿಸಿಕೊಂಡು ಹಾರಬೇಕಾದ ಚಿಟ್ಟೆಗೆ ಇದಕ್ಕಿಂತ ತಕ್ಕ ರಚನೆ ಬೇರೆಯಿಲ್ಲ.

ಸಂಶೋಧಕರು ಎರಡು ಬಗೆಯ ಪಾಲಿಮರುಗಳನ್ನು ಬೆರೆಸಿದ ದ್ರಾವಣದಿಂದ, ಅವು ತಾವಾಗಿ ಬೇರ್ಪಡುವ ಗುಣವನ್ನೇ ಬಳಸಿ, ಇಂತಹ ರಂಧ್ರಗಳ ಅಚ್ಚನ್ನು ಮಾಡಿದರು. ತೆಳು ಸಿಲಿಕಾನ್ ಪದರಕ್ಕೆ ಆ ವಿನ್ಯಾಸವನ್ನು ಇಳಿಸಿದಾಗ, ನಯವಾದ ಪದರಕ್ಕಿಂತ ನೇರ ಬೆಳಕಿನಲ್ಲಿ ಶೇಕಡಾ 97ರಷ್ಟು, 50 ಡಿಗ್ರಿ ಓರೆಯಾದ ಬೆಳಕಿನಲ್ಲಿ ಶೇಕಡಾ 207ರಷ್ಟು ಹೆಚ್ಚು ಹೀರಿಕೆ ದೊರೆಯಿತು. ಇದು ಹೀರಿಕೆಯ ಲೆಕ್ಕವೇ ಹೊರತು ಇಡೀ ಫಲಕದ ವಿದ್ಯುತ್ತಿನ ಲೆಕ್ಕವಲ್ಲ. ಸಿಲಿಕಾನನ್ನು ಕೊರೆಯುವ ಹಂತವೂ ಅದರಲ್ಲಿ ತಪ್ಪಿಲ್ಲ. ಆದರೂ ದಿಕ್ಕು ಸರಿಯಾಗಿದೆ: ವಸ್ತು ಕಡಿಮೆ, ಶಾಖ ಕಡಿಮೆ, ನಿಖರತೆಯ ಹಟ ಕಡಿಮೆ.

ಪ್ರಕೃತಿಗೆ ಅತಿ ಕಪ್ಪು ತಿಳಿಯದೆಂದಲ್ಲ. ನ್ಯೂಗಿನಿ ಸೀಮೆಯ ಸ್ವರ್ಗಪಕ್ಷಿಗಳ ಕೆಲವು ಗರಿಗಳು ನೂರಕ್ಕೆ 0.05ರಿಂದ 0.31 ಪಾಲು ಬೆಳಕನ್ನಷ್ಟೇ ಹಿಂದಿರುಗಿಸುವುದನ್ನು 2018ರ ಅಧ್ಯಯನ ಕಂಡಿತು. ಆದರೆ ಆ ಹಕ್ಕಿ ಈ ಕಪ್ಪನ್ನು ತೊಡುವುದು ಹೆಣ್ಣಿನೆದುರು ಕುಣಿಯುವಾಗ ತೋರುವ ಭಾಗದಲ್ಲಿ ಮಾತ್ರ; ಬೆನ್ನಿಗೆ ಸಾಧಾರಣ ಕಪ್ಪೇ ಸಾಕು. ಬೇಕಾದಲ್ಲಿ ಬೇಕಾದಷ್ಟು ಎಂಬ ಈ ಮಿತವ್ಯಯವನ್ನು ಮನುಷ್ಯನ ತಂತ್ರಜ್ಞಾನ ಇನ್ನೂ ಕಲಿಯಬೇಕಾಗಿದೆ.

ಉಳಿಯಬೇಕಾದ ಬಳ್ಳಿ

ಜರ್ಮನಿಯ ಪ್ರಯೋಗಾಲಯ ಬಳಸಿದ ಚಿಟ್ಟೆಯ ಮೇಲೆ ಮಲೆನಾಡು ಹಕ್ಕು ಸಾಧಿಸುವಂತಿಲ್ಲ. ದಕ್ಷಿಣ ಏಷ್ಯಾದಿಂದ ಆಗ್ನೇಯ ಏಷ್ಯಾದವರೆಗೆ ಅದು ಹಾರುತ್ತದೆ. ಹಕ್ಕಿನ ಮಾತು ನಿಲ್ಲದಿದ್ದರೂ ಹೊಣೆಯ ಮಾತು ನಿಲ್ಲುತ್ತದೆ. ಈ ಚಿಟ್ಟೆಯ ಮರಿಹುಳು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಎಲೆಗಳನ್ನಲ್ಲದೆ ಬೇರೇನನ್ನೂ ತಿನ್ನದು. ಎಲೆಯ ವಿಷವೇ ಅದರ ಮೈಗೆ ಸೇರಿ ಹಕ್ಕಿಗಳಿಂದ ಕಾಯುತ್ತದೆ. ಬೇಲಿ ಸವರುವಾಗ ಕಳೆಯೆಂದು ಕಿತ್ತು, ಕಳೆನಾಶಕ ಸಿಂಪಡಿಸಿ, ಜೀವಂತ ಬೇಲಿಯ ಜಾಗದಲ್ಲಿ ಸಿಮೆಂಟು ಕಂಬ ಮತ್ತು ಮುಳ್ಳುತಂತಿ ನೆಟ್ಟಲ್ಲೆಲ್ಲ ಬಳ್ಳಿ ಹೋಗುತ್ತದೆ. ಬಳ್ಳಿಯೊಡನೆ ಚಿಟ್ಟೆಯೂ, ಚಿಟ್ಟೆಯೊಡನೆ ಕೋಟ್ಯಂತರ ವರ್ಷಗಳ ಬೆಳಕಿನ ವಿದ್ಯೆಯೂ ಆ ಊರನ್ನು ಬಿಟ್ಟುಹೋಗುತ್ತವೆ.

2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಜನತಾ ಜೀವವೈವಿಧ್ಯ ದಾಖಲಾತಿಯನ್ನೂ ವಿಧಿಸಿದೆ. ಊರಿನ ಯಾವ ಬೇಲಿಯಲ್ಲಿ ಈಶ್ವರಿ ಬಳ್ಳಿ ಉಳಿದಿದೆ, ಯಾವ ತಿಂಗಳಲ್ಲಿ ಮರಿಹುಳು ಕಾಣುತ್ತದೆ ಎಂಬುದನ್ನು ಶಾಲಾ ವಿದ್ಯಾರ್ಥಿಗಳು ಗುರುತಿಸಿ ಆ ದಾಖಲಾತಿಗೆ ಸೇರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಸೌರಫಲಕ ಹೊತ್ತ ಲಾರಿ ಊರಿಗೆ ಬಂದಾಗ ಅದನ್ನು ತಡೆಯಬೇಕಿಲ್ಲ, ಪ್ರಶ್ನಿಸಬೇಕು. ಇದನ್ನು ಕಪ್ಪಾಗಿಸಲು ಯಾವ ಆಮ್ಲ, ಯಾವ ಅನಿಲ ಬಳಕೆಯಾಯಿತು? ತೊಳೆದ ನೀರು ಯಾವ ಹಳ್ಳಕ್ಕೆ ಹೋಯಿತು? ಆಯುಸ್ಸು ಮುಗಿದ ಫಲಕವನ್ನು ಹಿಂದಕ್ಕೆ ಪಡೆಯುವವರು ಯಾರು? ಗ್ರಾಮಸಭೆಯಲ್ಲಿ ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಾರದ ತಂತ್ರಜ್ಞಾನವನ್ನು, ಅದು ಎಷ್ಟೇ ಬೆಳಕು ಹೀರಲಿ, ಹಸಿರೆಂದು ಕರೆಯಬಾರದು. ಫಲಕದ ಕಪ್ಪಿನ ಅಳತೆ ಪ್ರಯೋಗಾಲಯದ ಯಂತ್ರಕ್ಕೆ ತಿಳಿಯುತ್ತದೆ. ಆ ಕಪ್ಪು ಸಾಕೇ, ಅತಿಯಾಯಿತೇ ಎಂಬುದನ್ನು ತೀರ್ಮಾನಿಸುವ ಅಳತೆಗೋಲು ಅದರ ಫಲವನ್ನುಣ್ಣುವ ಜನರ ಕೈಯಲ್ಲಿರಬೇಕು.